ಕೋವಿ ಬೆಲ್ಟಿಗೆ ಎಣ್ಣೆ ಎಷ್ಟು ಬೇಕು? ಮಲೆನಾಡಿನ ಮಳೆಗೆ ತಕ್ಕ ಸಮಗ್ರ ಮಾರ್ಗದರ್ಶಿ

ಆಷಾಢದ ಒಂದು ಸಂಜೆ ಗದ್ದೆ ಬದು ದಾಟುವಾಗ ಹೆಗಲು ಇದ್ದಕ್ಕಿದ್ದಂತೆ ಹಗುರಾಯಿತು. ತಿರುಗಿ ನೋಡಿದರೆ ಕೋವಿ ಕೆಸರಲ್ಲಿ ಮಕಾಡೆ ಬಿದ್ದಿದೆ, ಬೆಲ್ಟಿನ ಅರ್ಧ ನನ್ನ ಕೈಯಲ್ಲಿದೆ. ತೋಟೆ ತುಂಬಿರಲಿಲ್ಲ, ಬಚಾವಾದೆ. ಮರುದಿನ ಆ ತುಂಡು ಬೆಲ್ಟನ್ನು ಮೂಡಿಗೆರೆಗೆ ಒಯ್ದು ಚಪ್ಪಲಿ ಹೊಲಿಯುವ ಹಿರಿಯರೊಬ್ಬರಿಗೆ ತೋರಿಸಿದೆ. ಹರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಸ್ಪಂಜಿನ ಹಾಗೆ ಎಣ್ಣೆ ಜಿನುಗಿತು. "ಗೌಡ್ರೆ, ಇದನ್ನ ಮಳೆ ಸಾಯಿಸಿಲ್ಲ. ನೀವೇ ಎಣ್ಣೆ ಕುಡ್ಸಿ ಕುಡ್ಸಿ ಸಾಯ್ಸಿದೀರಿ" ಅಂದರು.

ಅವರು ಹೇಳಿದ್ದು ಸರಿಯಾಗಿತ್ತು. ಪ್ರತಿ ತಿಂಗಳೂ ಕೊಬ್ಬರಿ ಎಣ್ಣೆ ಹಚ್ಚುವುದೇ ಆರೈಕೆ ಅಂದುಕೊಂಡಿದ್ದೆ. ಚರ್ಮಕ್ಕೆ ಎಣ್ಣೆ ಹಚ್ಚಿ, ಮತ್ತೆ ಹಚ್ಚಿ ಎಂಬ ಸಲಹೆ ಹುಟ್ಟಿದ್ದು ಚರ್ಮ ಒಣಗಿ ಸೀಳುವ ನಾಡುಗಳಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿಗೆ ಹೊದಿಕೆಯೂ ತಣ್ಣಗೆ ಒದ್ದೆ ಅನ್ನಿಸುವ ಕೊಟ್ಟಿಗೆಹಾರ, ಶೃಂಗೇರಿ, ಸಕಲೇಶಪುರದ ಕಡೆ ಬೆಲ್ಟು ಹಾಳಾಗುವುದು ಬೇರೆ ಕಾರಣಕ್ಕೆ. ಇಲ್ಲಿ ಒರೆಸುವ ಕೆಲಸ ಹೆಚ್ಚು, ಎಣ್ಣೆಯ ಕೆಲಸ ಕಡಿಮೆ. ಕೆಳಗಿನದನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ಮೊದಲು ಕೋವಿ, ಆಮೇಲೆ ಬೆಲ್ಟು

ಕೋವಿ ಖಾಲಿ ಇದೆ ಎಂದು ಗೊತ್ತಿದ್ದರೂ ತೆರೆದು ನೋಡಿ. ನಳಿಗೆ ಮಡಚುವ ತೋಟೆ ಕೋವಿಯಾದರೆ ಮಡಚಿ, ರೈಫಲ್ ಆದರೆ ಬೋಲ್ಟ್ ಹಿಂದಕ್ಕೆಳೆದು ತೋಟೆ ಕೂರುವ ಗೂಡಿಗೆ ಕಣ್ಣು ಹಾಕಿ, ಕಿರುಬೆರಳನ್ನೂ ತೂರಿಸಿ. ರೈಫಲ್ಲಿನ ಮ್ಯಾಗಜೀನ್ ಮರೆಯಬೇಡಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಆಮೇಲೆ ಬೆಲ್ಟನ್ನು ಪೂರ್ತಿ ಬಿಚ್ಚಿ. ಕೋವಿಗೆ ಕಟ್ಟಿಕೊಂಡೇ ಬೆಲ್ಟು ತೊಳೆಯುವವರನ್ನು ಕಂಡಿದ್ದೇನೆ. ಸೋಪಿನ ನೀರೆಲ್ಲ ಸ್ವಿವೆಲ್, ಅಂದರೆ ಬೆಲ್ಟನ್ನು ಕೋವಿಗೆ ಸಿಕ್ಕಿಸುವ ತಿರುಗು ಬಳೆಯ ತಿರುಪಿನ ಸಂದಿಗೆ ಇಳಿದು ಒಳಗೊಳಗೇ ತುಕ್ಕು ಹಿಡಿಯುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಎರಡು ಫೋಟೋ ತೆಗೆದುಕೊಳ್ಳಿ. ಎರಡು ತುಂಡಿನ ಹಳೇ ಮಿಲಿಟರಿ ಮಾದರಿಯ ಬೆಲ್ಟುಗಳಲ್ಲಿ ಯಾವ ಕೊಂಡಿ ಯಾವ ತೂತಿಗೆ ಅನ್ನುವುದು ಬಿಚ್ಚಿದ ಮೇಲೆ ನೆನಪಾಗುವುದಿಲ್ಲ.

ಹೊಲಿಗೆಗೆ ಕೊಡುವುದಿದ್ದರೆ ಬೆಲ್ಟು ಮಾತ್ರ ಪೇಟೆಗೆ ಹೋಗಲಿ, ಕೋವಿ ಮನೆಯಲ್ಲಿರಲಿ. ಕೊಡಗಿನಲ್ಲಿ ಕೊಡವರೇ ಮೊದಲಾದ ಕೆಲವರಿಗಿರುವ, ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ನಮಗಿಲ್ಲ. ಬೆಳೆ ರಕ್ಷಣೆಯ ಪರವಾನಗಿ ಯಾರ ಹೆಸರಲ್ಲಿದೆಯೋ ಅವರ ಕೈ ಬಿಟ್ಟು ಕೋವಿ ಅತ್ತಿತ್ತ ಹೋಗಬಾರದು.

ಯಾವ ಚರ್ಮ ಅಂತ ತಿಳಿಯಿರಿ

ಬೆಲ್ಟಿನ ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಒಳಗೆಲ್ಲ ಕಂದು ಅಥವಾ ಹಳದಿ ಮಿಶ್ರಿತ ಬಣ್ಣವಿದ್ದರೆ ಅದು ತೊಗಟೆಯಿಂದ ಹದ ಮಾಡಿದ ಚರ್ಮ. ತಂಗಡಿ ತೊಗಟೆ, ಅಳಲೆಕಾಯಿಯಂಥ ಒಗರು ಪದಾರ್ಥಗಳಲ್ಲಿ ನೆನೆಸಿ ಹದ ಮಾಡುವ ಹಳೇ ಪದ್ಧತಿಯದು. ಗಟ್ಟಿ, ಎಳೆದರೆ ಹಿಗ್ಗುವುದು ಕಡಿಮೆ. ಒಳ್ಳೆಯ ಕೋವಿ ಬೆಲ್ಟುಗಳು ಹೆಚ್ಚಾಗಿ ಇದರಲ್ಲೇ ಇರುತ್ತವೆ. ಅಂಚಿನ ನಡುವೆ ನೀಲಿ ಬೂದಿ ಗೆರೆ ಕಂಡರೆ ಕ್ರೋಮ್ ಹದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಅದು ಮೆತ್ತಗಿರುತ್ತದೆ, ನೀರನ್ನು ಹೆಚ್ಚು ತಾಳುತ್ತದೆ. ಅಂಚಿನಲ್ಲಿ ಬಟ್ಟೆಯ ನೂಲು ಕಂಡರೆ ಅದು ರೆಕ್ಸಿನ್: ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು, ಈ ಬರಹ ಅದಕ್ಕಲ್ಲ.

ತೊಗಟೆ ಹದದ ಚರ್ಮಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಕೊಪ್ಪ, ಶೃಂಗೇರಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಡಿಕೆ ಸುಲಿತದ ದಿನಗಳಲ್ಲಿ ಮೆಟ್ಟುಗತ್ತಿ ಹಿಡಿದವರ ಕೈ ಕಪ್ಪಾಗುತ್ತದಲ್ಲ, ಅದೇ ಸಂಗತಿ. ಅಡಿಕೆಯ ಚೊಗರಿನಲ್ಲಿರುವ ಒಗರೂ ಕಬ್ಬಿಣವೂ ಒದ್ದೆಯಲ್ಲಿ ಸೇರಿದರೆ ಶಾಯಿಯಂಥ ಕಪ್ಪು. ತುಕ್ಕು ಹಿಡಿದ ಸ್ವಿವೆಲ್‌ನಲ್ಲಿ ಒದ್ದೆ ಬೆಲ್ಟು ಎರಡು ದಿನ ನೇತಾಡಿದರೆ ಅಲ್ಲಿ ಕಪ್ಪು ಪಟ್ಟೆ ಬೀಳುತ್ತದೆ. ಆದ್ದರಿಂದ ಕಬ್ಬಿಣದ ನಾರಿನ ಸ್ಕ್ರಬ್ಬರ್ ಈ ಚರ್ಮದ ಹತ್ತಿರ ತರಬೇಡಿ. ಆಗಲೇ ಕಪ್ಪಾಗಿದ್ದರೆ ಹತ್ತಿಯಲ್ಲಿ ನಿಂಬೆರಸ ಅದ್ದಿ ಆ ಜಾಗಕ್ಕೆ ಮಾತ್ರ ಒತ್ತಿ, ಒಂದೆರಡು ನಿಮಿಷಕ್ಕೆ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ಪೂರ್ತಿ ಹೋಗದಿದ್ದರೂ ತಿಳಿಯಾಗುತ್ತದೆ.

ಬೂಷ್ಟು ಹಿಡಿದಿದ್ದರೆ

ಮಳೆಗಾಲದ ನಡುವೆ ಬೀರು ತೆರೆದಾಗ ಬೆಲ್ಟಿನ ಮೇಲೆ ಬಿಳಿ ಕಾಣುವುದು ಮಾಮೂಲು. ಆ ಬಿಳಿಯೆಲ್ಲ ಬೂಷ್ಟಲ್ಲ. ಮೊದಲೇ ಎಣ್ಣೆ ಹೆಚ್ಚಾದ ಚರ್ಮದಿಂದ ಕೊಬ್ಬಿನಂಶ ಹೊರಬಂದು ಮೇಲೆ ಹೆಪ್ಪುಗಟ್ಟಿದರೂ ಬೆಳ್ಳಗೇ ಕಾಣುತ್ತದೆ. ಹೆಬ್ಬೆರಳನ್ನು ಅಲ್ಲಿ ಒತ್ತಿ ಹಿಡಿಯಿರಿ, ಇಲ್ಲವೇ ತುಸು ದೂರದಿಂದ ಹೇರ್ ಡ್ರೈಯರ್ ಗಾಳಿ ಬಿಡಿ. ಬಿಸಿಗೆ ಕರಗಿ ಮಾಯವಾದರೆ ಕೊಬ್ಬು, ಹತ್ತಿಯ ಎಳೆಯಂತೆ ಹಾಗೇ ಉಳಿದರೆ ಬೂಷ್ಟು. ಕೊಬ್ಬಾದರೆ ಒಣಬಟ್ಟೆಯಲ್ಲಿ ಒರೆಸಿ, ಈ ವರ್ಷ ಎಣ್ಣೆಯ ಸುದ್ದಿಗೇ ಹೋಗಬೇಡಿ.

ಬೂಷ್ಟಾದರೆ ಬೆಲ್ಟನ್ನು ಅಂಗಳಕ್ಕೆ ಒಯ್ಯಿರಿ. ಮನೆಯೊಳಗೆ ಉಜ್ಜಿದರೆ ಅದರ ಬೀಜ ಪಕ್ಕದ ಚಪ್ಪಲಿ, ಪರ್ಸು, ದೇವರ ಕೋಣೆಯ ಮೃದಂಗದವರೆಗೂ ಹೋಗಿ ಕೂರುತ್ತದೆ. ಮೂಗಿಗೆ ಬಟ್ಟೆ ಕಟ್ಟಿ, ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ತೆಗೆಯಿರಿ. ಆ ಬ್ರಷ್ಷನ್ನು ಬಿಸಿನೀರಲ್ಲಿ ತೊಳೆಯದೆ ಬೇರೆ ಯಾವುದಕ್ಕೂ ಬಳಸಬೇಡಿ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ. ಮೊದಲು ಬಕಲ್ಲಿನ ಅಡಿಯ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿಕೊಳ್ಳಿ. ಕೆಲವು ಬೆಲ್ಟುಗಳ ಬಣ್ಣ ಬಟ್ಟೆಗೆ ಹತ್ತುತ್ತದೆ. ಬಣ್ಣ, ಸುವಾಸನೆ ಹಾಕಿದ ಕೈ ಸ್ಯಾನಿಟೈಸರ್ ಬೇಡ. ಹೊಲಿಗೆಯ ಸಾಲು, ಮಡಿಕೆಯ ಒಳಬದಿ, ತೂತುಗಳ ಅಂಚು, ಇಲ್ಲೆಲ್ಲ ಇಯರ್ ಬಡ್ಸ್ ಓಡಾಡಬೇಕು. ಬೂಷ್ಟು ಮತ್ತೆ ಮೊಳೆಯುವುದು ಅಲ್ಲಿಂದಲೇ.

ತೊಳೆಯುವುದು ಅಂದರೆ ನೆನೆಸುವುದಲ್ಲ

ಬೂಷ್ಟಿಲ್ಲದಿದ್ದರೂ ಒಣ ಬ್ರಷ್ಷಿನ ಸುತ್ತು ತಪ್ಪಿಸಬೇಡಿ. ತೋಟದ ಮಣ್ಣು ಸಣ್ಣ ಉಪ್ಪು ಕಾಗದವಿದ್ದಂತೆ, ಅದರ ಮೇಲೆ ಒದ್ದೆ ಬಟ್ಟೆ ಉಜ್ಜಿದರೆ ಚರ್ಮದ ನುಣುಪು ಮೈ ಸವೆಯುತ್ತದೆ. ಹಳೇ ಟೂತ್‌ಬ್ರಷ್ ಇದಕ್ಕೆ ಒಳ್ಳೆಯ ಆಯುಧ.

ಚರ್ಮ ಸಹಜವಾಗಿ ತುಸು ಹುಳಿ ಗುಣದ್ದು. ಬಟ್ಟೆ ಸೋಪು, ಪಾತ್ರೆ ಸೋಪುಗಳು ಅದಕ್ಕೆ ತದ್ವಿರುದ್ಧ, ಪದೇ ಪದೇ ಬಳಸಿದರೆ ಹದವನ್ನೇ ಕೆಡಿಸುತ್ತವೆ. ಕುದುರೆ ಜೀನಿಗೆಂದು ಡಬ್ಬಿಯಲ್ಲಿ ಬರುವ ಸ್ಯಾಡಲ್ ಸೋಪು ಎಲ್ಲರೂ ಹೇಳುವ ಮದ್ದು. ನಾನೂ ಬಳಸುತ್ತೇನೆ. ಆದರೆ ಅದೂ ಸೋಪೇ, ಕ್ಷಾರವೇ, ವರ್ಷಕ್ಕೆ ಒಂದೆರಡು ಸಲಕ್ಕೆ ಮಾತ್ರ. ಕಡು ಕಂದು ಬಣ್ಣದ ನನ್ನ ಬೆಲ್ಟಿಗೆ ಉಳಿದ ಸಮಯದಲ್ಲಿ ಅಂಟುವಾಳವೇ ಸಾಕಾಗಿದೆ. ನಾಲ್ಕೈದು ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೋಟ ನೀರಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿದರೆ ಆಯಿತು. ಅಂಟುವಾಳದ ನೀರು ಕ್ಷಾರವಲ್ಲ, ರೇಷ್ಮೆ ಸೀರೆಗೆ ಅಜ್ಜಿಯಂದಿರು ಅದನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ. ತಿಳಿ ಬಣ್ಣದ ಬೆಲ್ಟಿಗೆ ಬೇಡ, ಅದರ ಕಂದು ಕಲೆ ಉಳಿದೀತು.

ಬಟ್ಟೆಯನ್ನು ಅದ್ದಿ, ಹನಿ ಬೀಳದ ಹಾಗೆ ಹಿಂಡಿ, ನೊರೆಯನ್ನು ಮಾತ್ರ ಚರ್ಮಕ್ಕೆ ತಾಗಿಸಿ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಒಂದೊಂದು ಗೇಣಿನಷ್ಟೇ ಮುಂದುವರಿಯಿರಿ, ಕೂಡಲೇ ಬೇರೆ ಒದ್ದೆ ಬಟ್ಟೆಯಲ್ಲಿ ಸೋಪು ತೆಗೆಯಿರಿ. ಒಳಮೈಯನ್ನೂ ಬಿಡಬೇಡಿ, ಹೆಗಲಿನ ಬೆವರು ಕೂರುವುದು ಅಲ್ಲಿ. ಬೆಲ್ಟು ಕಲೆಗಲೆಯಾಗಿ ಒದ್ದೆಯಾದರೆ ಒಣಗಿದ ಮೇಲೆ ನೀರಿನ ಗಡಿ ಗೆರೆಯಾಗಿ ಉಳಿಯುತ್ತದೆ. ಹಾಗಾಗಿ ಕೊನೆಗೆ ಒಂದು ಸಲ ಇಡೀ ಉದ್ದಕ್ಕೂ ಒಂದೇ ಸಮ ಒರೆಸಿ. ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ನೀರು ಗಡಸು, ಸೋಪು ಸರಿಯಾಗಿ ಬಿಡುವುದಿಲ್ಲ, ಬಿಳಿ ಪುಡಿ ಉಳಿಯುತ್ತದೆ. ಅಲ್ಲಿಯವರು ಹಿಡಿದಿಟ್ಟ ಮಳೆನೀರೋ ಕುಡಿಯುವ ಫಿಲ್ಟರ್ ನೀರೋ ಬಳಸಿ.

ಒಣಗಿಸುವಾಗ ಆತುರ ಬೇಡ

ನನ್ನ ಎರಡನೇ ಬೆಲ್ಟು ಹೋದದ್ದು ಇಲ್ಲಿ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದನ್ನು ಬಚ್ಚಲು ಒಲೆಯ ಮೇಲಿನ ಗಳುವಿಗೆ ಹಾಕಿದ್ದೆ. ಕಂಬಳಿ ಒಣಗುತ್ತದೆ, ಬೆಲ್ಟು ಒಣಗದೇ ಇರುತ್ತದೆಯೇ? ಬೆಳಿಗ್ಗೆ ತೆಗೆದರೆ ಹಪ್ಪಳ. ಬಗ್ಗಿಸಿದಲ್ಲಿ ಚಟ್ ಅಂದಿತು. ಒಣ ಚರ್ಮ ತಾಳುವ ಬಿಸಿಯನ್ನು ಒದ್ದೆ ಚರ್ಮ ತಾಳುವುದಿಲ್ಲ. ಅದರ ನಾರುಗಳು ಮುದುಡಿಕೊಂಡು ಗಟ್ಟಿಯಾದರೆ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಯಾವ ಎಣ್ಣೆಯೂ ಅದನ್ನು ವಾಪಸ್ ತರುವುದಿಲ್ಲ.

ಮೊದಲು ಒಣ ಪಂಚೆಯ ನಡುವೆ ಬೆಲ್ಟನ್ನಿಟ್ಟು ಒತ್ತಿ ನೀರು ಹೀರಿಸಿ. ನಂತರ ದಪ್ಪ ಬಿದಿರಿನ ಗಳುವಿಗೋ ಕುರ್ಚಿಯ ಬೆನ್ನಿಗೋ ಬಳಸಿ ಹಾಕಿ, ಮೊಳೆಗೆ ನೇತುಹಾಕಿದರೆ ಅಲ್ಲೇ ಮಡಿಕೆ ಬೀಳುತ್ತದೆ. ಗಾಳಿಯಾಡುವ ನೆರಳು ಸಾಕು, ಫ್ಯಾನಿದ್ದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು ಮೂರು ದಿನ. ಅರ್ಧ ಒಣಗಿದಾಗ ಒಮ್ಮೆ ಕೈಯಿಂದ ಮೆಲ್ಲನೆ ಬಗ್ಗಿಸಿ ಬಿಡಿಸಿ, ಪೂರ್ತಿ ಒಣಗಿದ ಮೇಲೂ ಮೆತ್ತಗುಳಿಯುತ್ತದೆ. ಒಣಗಿತೇ ಎಂದು ತಿಳಿಯಲು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ನೀರಿದೆ.

ಕಿಲುಬು

ಬೆಲ್ಟು ಒಣಗುತ್ತಿರುವಾಗ ಹಿತ್ತಾಳೆ ಸಾಮಾನು ನೋಡಿಕೊಳ್ಳಿ. ರಿವಿಟ್ಟು, ಬಕಲ್ಲುಗಳ ಸುತ್ತ ಹಸಿರು ಮೇಣದಂತೆ ಕೂತಿರುವುದು ಕಿಲುಬು; ಹಿತ್ತಾಳೆಯಲ್ಲಿರುವ ತಾಮ್ರಕ್ಕೆ ಚರ್ಮದ ಹುಳಿ, ಕೊಬ್ಬು ಸೇರಿ ಆಗುವಂಥದ್ದು. ಎಣ್ಣೆ ಹೆಚ್ಚಾದಷ್ಟೂ ಇದೂ ಹೆಚ್ಚು. ಹಲ್ಲುಕಡ್ಡಿ, ಬಿದಿರಿನ ಚಕ್ಕೆಯಿಂದ ಒಣಗಿದ್ದಾಗಲೇ ಕೆರೆದು ತೆಗೆಯಿರಿ. ದೇವರ ದೀಪ ಬೆಳಗುವ ಹುಣಸೆಹುಳಿಯನ್ನು ಇಲ್ಲಿಗೆ ತರಬೇಡಿ, ರಸ ಚರ್ಮದೊಳಗೆ ಇಳಿದರೆ ಒರೆಸಲಾಗುವುದಿಲ್ಲ. ಥಳಥಳ ಹೊಳೆಸುವ ಅಗತ್ಯವೂ ಇಲ್ಲ. ಕಾಡುಹಂದಿಯಿಂದ ಬೆಳೆ ಕಾಯುವವನ ಬಕಲ್ಲು ಹೊಳೆದು ಯಾರಿಗೇನಾಗಬೇಕು?

ಈಗ ಎಣ್ಣೆ

ಎಲ್ಲಕ್ಕಿಂತ ಮುಂಚೆ ಬೇಕೇ ಬೇಡವೇ ಎಂದು ಕೇಳಿಕೊಳ್ಳಿ. ಒಣಗಿದ ಬೆಲ್ಟಿನ ಹೊರಮೈಗೆ ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ನಿಂತರೆ ಎಣ್ಣೆ, ಮೇಣ ಇನ್ನೂ ಇದೆ. ಕೂಡಲೇ ಹೀರಿ ಕಪ್ಪಾದರೆ, ಬಗ್ಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗೆರೆ ಮೂಡಿದರೆ, ಆಗ ಬೇಕು.

ಯಾವ ಎಣ್ಣೆ? ಇದರ ಬಗ್ಗೆ ನಮ್ಮೂರಲ್ಲಿ ಮನೆಗೊಂದು ಮತ. ಕೊಬ್ಬರಿ ಎಣ್ಣೆ ಸುಲಭಕ್ಕೆ ಸಿಗುತ್ತದೆ, ಬೇಗ ಇಳಿಯುತ್ತದೆ, ಅದೇ ಅದರ ತೊಂದರೆ: ಎಷ್ಟು ಹಾಕಿದರೂ ಕುಡಿಯುತ್ತಲೇ ಇರುತ್ತದೆ, ಚರ್ಮ ಜೋಲಾಗುತ್ತದೆ. ಜೊತೆಗೆ ಇಲಿ, ಇರುವೆ, ಜಿರಳೆಗೆ ಊಟಕ್ಕೆ ಕರೆದಂತೆ. ಅಗಸೆ ಎಣ್ಣೆ ಮರಕ್ಕೆ ಸರಿ, ಕೋವಿಯ ಹಿಡಿಗೆ ಹಚ್ಚುತ್ತಾರೆ. ಗಾಳಿಗೆ ಗಟ್ಟಿಯಾಗುವ ಎಣ್ಣೆಯಾದ್ದರಿಂದ ಚರ್ಮದಲ್ಲಿ ಬಿರುಕು ತರುತ್ತದೆ. ಹೊಂಗೆ ಎಣ್ಣೆಯನ್ನು ಚರ್ಮದ ಕಸುಬಿನಲ್ಲಿ ಹಿಂದಿನಿಂದ ಬಳಸಿದ್ದಾರೆ, ಆದರೆ ಆ ವಾಸನೆಯನ್ನು ಹೆಗಲಿಗೇರಿಸಿಕೊಳ್ಳಲು ನನ್ನಿಂದಾಗದು. ಪೇಟೆಯಲ್ಲಿ ಸಿಗುವ ನೀಟ್ಸ್‌ಫುಟ್ ಎಣ್ಣೆ ದನದ ಕಾಲಿನ ಎಲುಬು, ಗೊರಸಿನ ಕಡೆಯಿಂದ ತೆಗೆಯುವಂಥದ್ದು, ತೀರಾ ಒಣಗಿದ ಚರ್ಮಕ್ಕೆ ನಿಜಕ್ಕೂ ಒಳ್ಳೆಯದು. ಬಳಸುವ ಮನಸ್ಸಿಲ್ಲದವರು ಬಹಳ. ಅವರಿಗೂ ನನಗೂ ಹರಳೆಣ್ಣೆ ಇದೆ. ಗಾಳಿಗೆ ಒಣಗಿ ಗಟ್ಟಿಯಾಗುವುದಿಲ್ಲ, ಮಂದವಾದ್ದರಿಂದ ನಿಧಾನಕ್ಕೆ ಇಳಿಯುತ್ತದೆ. ಕೈ ತಪ್ಪಿ ಹೆಚ್ಚಾಗುವ ಮೊದಲೇ ಎಚ್ಚರವಾಗಬಹುದು.

ಬರೀ ಹರಳೆಣ್ಣೆಗಿಂತ ಜೇನುಮೇಣದ ಜೊತೆ ಮುಲಾಮು ಮಾಡಿಕೊಂಡರೆ ಮಲೆನಾಡಿಗೆ ಹೇಳಿ ಮಾಡಿಸಿದ್ದು. ಮೇಣ ಒಂದು ಪಾಲು, ಹರಳೆಣ್ಣೆ ಮೂರು ಪಾಲು, ತೂಕದಲ್ಲಿ. ತುಡುವೆಯದ್ದೋ ಹೆಜ್ಜೇನಿನದ್ದೋ, ಸೋಸಿದ ಮೇಣವಾದರೆ ಸಾಕು. ಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನೇರ ಉರಿಗೆ ಇಡಬೇಡಿ. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸಣ್ಣ ಸ್ಟೀಲ್ ಬಟ್ಟಲಿಟ್ಟು ಕರಗಿಸಿ, ಎಣ್ಣೆ ಬೆರೆಸಿ, ಅಗಲ ಬಾಯಿಯ ಡಬ್ಬಿಗೆ ಸುರಿಯಿರಿ. ತಣಿದಾಗ ಬೆರಳಿಗೆ ಹತ್ತುವಷ್ಟು ಮೆತ್ತಗಿರುತ್ತದೆ. ಗಟ್ಟಿಯಾದರೆ ಮತ್ತೆ ಕಾಯಿಸಿ ಒಂದಿಷ್ಟು ಎಣ್ಣೆ ಸೇರಿಸಿ.

ಅಳತೆ ಇಷ್ಟು: ಒಂದು ಅಥವಾ ಒಂದೂಕಾಲು ಇಂಚು ಅಗಲದ ಮಾಮೂಲು ಬೆಲ್ಟಿಗೆ ಎಣ್ಣೆಯಾದರೆ ಒಂದು ಟೀ ಚಮಚ, ಅಂದರೆ 5 ಮಿಲಿ, ಅದಕ್ಕಿಂತ ಹೆಚ್ಚು ಬೇಡ. ಮುಲಾಮಾದರೆ ಒಂದು ಹುಣಸೆ ಬೀಜದಷ್ಟು ತೆಗೆದು, ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡಿ, ಮೊಳದುದ್ದಕ್ಕೆ ಎಳೆಯಿರಿ. ಮೊದಲು ಹೊರಮೈ, ಆಮೇಲೆ ಅಂಚು. ಅಂಚು ನೀರು ಕುಡಿಯುವ ಬಾಯಿ, ಅಲ್ಲಿ ಮೇಣ ಚೆನ್ನಾಗಿ ಕೂರಲಿ. ಒರಟು ಒಳಮೈಗೆ ಬೆರಳಲ್ಲಿ ಉಳಿದದ್ದನ್ನು ಸವರಿದರೆ ಸಾಕು, ಅದು ಕಂಡಾಪಟ್ಟೆ ಹೀರುತ್ತದೆ. ಸ್ವೇಡ್, ಅಂದರೆ ಮಖಮಲ್ಲಿನಂತೆ ನವಿರೆದ್ದ ಚರ್ಮದ ಪಟ್ಟಿ ಹೊಲಿದ ಬೆಲ್ಟಾದರೆ ಸ್ವೇಡಿಗೆ ಏನೂ ಬೇಡ.

ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಳೇ ಹತ್ತಿ ಪಂಚೆಯಲ್ಲಿ ಉಜ್ಜಿ. ಬಟ್ಟೆಗೆ ಜಿಡ್ಡು ಬರುತ್ತಿದ್ದರೆ ನಿನ್ನೆಯದೇ ಹೆಚ್ಚಾಗಿದೆ ಅಂತ ಅರ್ಥ. ತೀರಾ ಜಿಡ್ಡಾಗಿದ್ದರೆ ಟಾಲ್ಕಂ ಪೌಡರ್ ಉದುರಿಸಿ ಒಂದು ದಿನ ಬಿಟ್ಟು ಬ್ರಷ್ ಮಾಡಿ. ಮೈದಾ, ಅಕ್ಕಿಹಿಟ್ಟು ಹಾಕಿದರೆ ಬೂಷ್ಟಿಗೆ ತಿಂಡಿಯಾಗುತ್ತದೆ. ಎರಡನೇ ಕೈ ಬೇಕಾಗುವುದು ಅಪರೂಪ.

ಕಡೂರು ಕಡೆ ತೆಂಗಿನ ತೋಟವಿರುವ ನನ್ನ ಭಾವನ ಲೆಕ್ಕ ಬೇರೆ. ಅಲ್ಲಿ ಮಾರ್ಚ್, ಏಪ್ರಿಲ್‌ನಲ್ಲಿ ಬೆಲ್ಟು ಒಣ ಮಟ್ಟೆಯಂತಾಗುತ್ತದೆ. ಅವನು ಬೇಸಿಗೆಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಹಚ್ಚಿದರೂ ಹೆಚ್ಚೇನಲ್ಲ. ನಾನು ವರ್ಷಕ್ಕೆ ಒಮ್ಮೆ, ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು. ಒಂದೇ ಜಿಲ್ಲೆಯಲ್ಲಿ ಎರಡು ಹವೆ ಇರುವಾಗ ಒಂದೇ ಪಂಚಾಂಗ ನಡೆಯುವುದಿಲ್ಲ.

ಹೊಲಿಗೆ, ತೂತು, ಎಳೆತ

ಚರ್ಮ ಚೆನ್ನಾಗಿದ್ದು ದಾರ ಕೊಳೆತ ಬೆಲ್ಟುಗಳೇ ಹೆಚ್ಚು. ಪ್ರತಿ ಹೊಲಿಗೆಯನ್ನೂ ಉಗುರಿನಿಂದ ಮೀಟಿ ನೋಡಿ. ಒಂದು ಎದ್ದರೂ ಇಡೀ ಸಾಲನ್ನು ಮೇಣ ತಿಕ್ಕಿದ ದಾರದಲ್ಲಿ ಹೊಲಿಸಿಬಿಡಿ, ಹಳೆಯ ತೂತುಗಳಲ್ಲೇ. ಹೊಸ ತೂತು ಹೊಡೆದರೆ ಚರ್ಮ ಅಂಚೆ ಚೀಟಿಯಂತೆ ಸಾಲಾಗಿ ಹರಿಯುತ್ತದೆ. ಬಕಲ್ಲಿನ ತೂತು ದುಂಡಗಿರಬೇಕು. ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದರೆ ಆ ತೂತು ಬಿಟ್ಟು ಪಕ್ಕದ್ದಕ್ಕೆ ಹಾಕಿ.

ಆಮೇಲೆ ಬೆಲ್ಟಿನ ಒಂದು ತುದಿಯನ್ನು ಕಾಲಡಿ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಒಂಟಿ ನಳಿಗೆ ಕೋವಿ ಸುಮಾರು 3 ಕಿಲೋ, ರೈಫಲ್ ಆದರೆ ಮೂರೂವರೆ ನಾಲ್ಕು ಕಿಲೋ. ಆದರೆ ಕಾಲು ಜಾರಿದಾಗ ಬೀಳುವ ಜಗ್ಗು ಅದರ ಹಲವು ಪಟ್ಟು. ಹರಿಯುವುದಿದ್ದರೆ ನಿಮ್ಮ ಪಡಸಾಲೆಯಲ್ಲೇ ಹರಿಯಲಿ.

ಕೋವಿಗೆ ಮತ್ತೆ ಕಟ್ಟುವಾಗ ಸ್ವಿವೆಲ್ ತುಕ್ಕನ್ನು ಒರೆಸಿ ತೆಳ್ಳಗೆ ಗನ್ ಆಯಿಲ್ ಹಚ್ಚಿ, ಬಟ್ಟೆಯಲ್ಲಿ ತೆಗೆದುಬಿಡಿ. ತಿರುಪು ಬಿಗಿ ಮಾಡಿ.

ಮಳೆಗಾಲ ಕಳೆಯುವುದು

ದಿನಾ ಬಳಸದ ಬೆಲ್ಟು ಕೋವಿಯ ಮೇಲಿರಬಾರದು. ಚರ್ಮ ಗಾಳಿಯ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ತಾಗಿದ ನಳಿಗೆಯಲ್ಲಿ ಬೆಲ್ಟಿನ ಅಗಲಕ್ಕೇ ತುಕ್ಕಿನ ಪಟ್ಟೆ ಬರುತ್ತದೆ. ಚರ್ಮದ ಚೀಲದಲ್ಲಿ ಕೋವಿ ಮಲಗಿಸಿಡುವವರಿಗೂ ಇದೇ ಮಾತು. ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸುವ ಮೊದಲು ಬೆಲ್ಟು ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ. ಒಂದು ಸಲ ಒದ್ದೆ ಬೆಲ್ಟಿನ ಸಮೇತ ಕೊಟ್ಟು ಬಂದಿದ್ದೆ. ವಾರಗಳ ನಂತರ ಅದು ಯಾವ ರೂಪದಲ್ಲಿ ಸಿಕ್ಕಿರಬಹುದು ಎಂಬುದು ನಿಮ್ಮ ಊಹೆಗೆ, ತಪ್ಪು ಪೂರಾ ನನ್ನದೇ.

ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟಿಗೆ ತೊಟ್ಟಿಲಾಗುತ್ತದೆ. ಸಡಿಲವಾಗಿ ಸುರುಳಿ ಸುತ್ತಿ ಹತ್ತಿ ಚೀಲದಲ್ಲಿಡಿ. ಗಾಳಿಯ ತೇವಾಂಶ ಶೇಕಡಾ 70 ದಾಟಿದ ಕಡೆ ಬೂಷ್ಟು ಹಬ್ಬ ಮಾಡುತ್ತದೆ, ನಮ್ಮಲ್ಲಿ ಮಳೆಗಾಲ ಪೂರ್ತಿ ಅದೇ ಸ್ಥಿತಿ. ಬೀರುವಿನ ಸಣ್ಣ ಖಾನೆಯಲ್ಲಿ ಸಿಲಿಕಾ ಜೆಲ್ ಇಟ್ಟರೆ ಅನುಕೂಲ. ನೀಲಿ ಹರಳು ತೇವ ಕುಡಿದು ಗುಲಾಬಿಯಾದಾಗ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಅಡುಗೆಯ ಹಂಚು ಬೇಡ, ಬೇರೆ ಇಟ್ಟುಕೊಳ್ಳಿ. ನುಸಿಗುಳಿಗೆ ಇರುವುದು ಹುಳಕ್ಕೆ, ಬೂಷ್ಟಿಗೆ ಅದನ್ನು ನೆಚ್ಚಬೇಡಿ. ಹದಿನೈದು ದಿನಕ್ಕೊಮ್ಮೆ, ಹೊಳವಾದ ದಿನ ನೋಡಿ, ಬೆಲ್ಟು ತೆಗೆದು ಒಣಬಟ್ಟೆಯಲ್ಲಿ ಒರೆಸಿ ಗಾಳಿಗೆ ಹಾಕಿ. ಮಳೆಗಾಲದ ಆರೈಕೆಯಲ್ಲಿ ಮುಕ್ಕಾಲು ಪಾಲು ಇಷ್ಟೇ.

ಬಿಟ್ಟುಬಿಡಬೇಕಾದ್ದು

ಉಜ್ಜಿದರೆ ಕೆಂಪು ಪುಡಿ ಉದುರುವ ಅಜ್ಜನ ಕಾಲದ ಬೆಲ್ಟಿಗೆ ಯಾವ ಮದ್ದೂ ಇಲ್ಲ, ಅದರ ನಾರೇ ಪುಡಿಯಾಗಿದೆ. ಎಣ್ಣೆ ಹಚ್ಚಿದರೆ ಪುಡಿ ಕೆಸರಾಗುತ್ತದೆ ಅಷ್ಟೆ. ಗೋಡೆಗೆ ನೇತುಹಾಕಿ ನೋಡಲು ಚೆನ್ನ. ಬಗ್ಗಿಸಿದಾಗ ಬಿರುಕು ಅರ್ಧ ದಪ್ಪದವರೆಗೆ ಇಳಿದಿದ್ದರೆ, ಒತ್ತಿದರೆ ಎಣ್ಣೆ ಜಿನುಗಿದರೆ, ಅದನ್ನೂ ಕೋವಿಗೆ ಕಟ್ಟಬೇಡಿ. ಹಾಗೇ ಮೂಲೆಯಲ್ಲಿಟ್ಟರೆ ಮುಂದೊಂದು ದಿನ ಮನೆಯವರು ಯಾರೋ ತಿಳಿಯದೆ ಕಟ್ಟಿಕೊಂಡು ಹೊರಟಾರು, ಕತ್ತರಿಸಿಬಿಡಿ. ಕೆಸರಿಗೆ ಕೋವಿ ಕೆಡವಿದ ನನ್ನ ಬೆಲ್ಟು ಈಗ ಎರಡು ತುಂಡಾಗಿದೆ. ಒಂದು ಕೊಟ್ಟಿಗೆಯ ತಟ್ಟಿಬಾಗಿಲಿಗೆ ಕೀಲಾಗಿದೆ, ಇನ್ನೊಂದರ ಒರಟು ಮೈಯಲ್ಲಿ ಚಿಗುರುಗತ್ತಿಯ ಬಾಯಿ ತಿಕ್ಕುತ್ತೇನೆ. ಅದಕ್ಕೆ ಎಣ್ಣೆ ಹೆಚ್ಚಿದ್ದಷ್ಟೂ ಒಳ್ಳೆಯದು.